ಮರಳಿದ ಹಣ, ಮರಳದ ಹಣ

ಅಮೆರಿಕದಲ್ಲಿ ಸಾಲ ಮಾಡಿ ಮನೆ ಕೊಂಡವರು ಆ ಮನೆಯ ವಿಮೆಯನ್ನು ತಾವೇ ನೇರವಾಗಿ ಕಟ್ಟುವುದು ಕಡಿಮೆ. ತಿಂಗಳ ಸಾಲದ ಕಂತಿನ ಜೊತೆಗೇ ವರ್ಷದ ವಿಮೆಯಲ್ಲಿ ಹನ್ನೆರಡನೇ ಒಂದು ಪಾಲು, ಮನೆ ತೆರಿಗೆಯಲ್ಲಿ ಹನ್ನೆರಡನೇ ಒಂದು ಪಾಲು ಸೇರಿಸಿ ವಸೂಲು ಮಾಡುತ್ತಾರೆ. ಆ ಹಣ ಎಸ್ಕ್ರೋ ಎಂಬ ಖಾತೆಯಲ್ಲಿ ಕೂತಿರುತ್ತದೆ, ಬಿಲ್ಲು ಬಂದಾಗ ಅಲ್ಲಿಂದಲೇ ಪಾವತಿಯಾಗುತ್ತದೆ. ಮನೆ ಸುಟ್ಟರೆ ಸಾಲಕ್ಕಿದ್ದ ಆಧಾರವೂ ಸುಟ್ಟಂತೆ. ಆದ್ದರಿಂದ ವಿಮೆ ತಪ್ಪದಂತೆ ನೋಡಿಕೊಳ್ಳುವ ಕೆಲಸವನ್ನು ಸಾಲ ಕೊಟ್ಟವರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ. 1974ರ ಕಾಯ್ದೆಯೊಂದು ಇದಕ್ಕೆ ಮಿತಿ ಹಾಕಿದೆ. ಮುಂಜಾಗ್ರತೆಯ ಹೆಸರಿನಲ್ಲಿ ವರ್ಷದ ಖರ್ಚಿನ ಆರನೇ ಒಂದು ಪಾಲಿಗಿಂತ ಹೆಚ್ಚು ಹಿಡಿದಿಡುವಂತಿಲ್ಲ. ವರ್ಷಕ್ಕೊಮ್ಮೆ ಲೆಕ್ಕ ನೋಡಿದಾಗ 50 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಮಿಕ್ಕಿದ್ದರೆ 30 ದಿನದೊಳಗೆ ಹಿಂದಿರುಗಿಸಬೇಕು.

ಉದ್ಯೋಗದ ವರ್ಷಗಳನ್ನೆಲ್ಲ ಬ್ಯಾಂಕಿನ ಶಾಖೆಗಳಲ್ಲಿ ಕಳೆದ ನನಗೆ ಈ ಏರ್ಪಾಡು ಬಹಳ ಅಚ್ಚುಕಟ್ಟಾಗಿ ಕಂಡಿತ್ತು. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಇದ್ದಾಗ ಅದು ಎಲ್ಲಿ ಸಡಿಲಾಗುತ್ತದೆ ಎಂಬುದನ್ನೂ ನೋಡಿದೆ. ಅಲ್ಲಿ ಸಾಲಗಳನ್ನು ಮಾರುತ್ತಾರೆ, ಕಂತು ವಸೂಲು ಮಾಡುವ ಕೆಲಸ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಮಗಳ ಸಾಲವೂ ಹಾಗೆ ಕೈ ಬದಲಾಯಿಸಿತು. ವಿಮಾ ಕಂಪನಿಯ ದಾಖಲೆಯಲ್ಲಿ ಹಳೆಯ ಸಂಸ್ಥೆಯ ಹೆಸರೇ ಉಳಿದಿತ್ತು. ಬಿಲ್ಲು ಅವರಿಗೆ ಹೋಯಿತು, ಅವರು ಕಟ್ಟಲಿಲ್ಲ. ಆಮೇಲೆ ಮನೆಗೇ ಒಂದು ಎಚ್ಚರಿಕೆಯ ಪತ್ರ ಬಂತು. ವಿಮೆ ತಪ್ಪೀತು ಎಂದು ಮಗಳು ತನ್ನ ಖಾತೆಯಿಂದ ಪೂರ್ತಿ ಹಣ ಕಟ್ಟಿದಳು. ಇತ್ತ ಹೊಸ ಸಂಸ್ಥೆಯೂ ಎಚ್ಚೆತ್ತು ಎಸ್ಕ್ರೋದಿಂದ ಅಷ್ಟೇ ಹಣ ಕಟ್ಟಿತು. ಕೆಲವು ವಾರಗಳ ಮೇಲೆ ಅಂಚೆಯಲ್ಲಿ ಅವಳ ಹೆಸರಿಗೆ ಒಂದು ಚೆಕ್ ಬಂತು. ಜೊತೆಗೆ ವಿವರಣೆ ಏನೂ ಇರಲಿಲ್ಲ.

ಅವಳು ಚೆಕ್ಕನ್ನು ಕೈಯಲ್ಲಿ ಹಿಡಿದು, "ಅಮ್ಮ, ಇದು ನಮ್ಮದೇನಾ?" ಎಂದು ಕೇಳಿದಳು.

ಆ ಪ್ರಶ್ನೆ ನನಗೆ ಇಷ್ಟವಾಯಿತು. ಸಿಕ್ಕಿತಲ್ಲ ಎಂದು ಹಿಗ್ಗುವ ಮೊದಲು ಅವಳು ಹಾಗೆ ಕೇಳಿದ್ದಳು. ಉತ್ತರವೂ ಅಷ್ಟು ಸುಲಭವಾಗಿರಲಿಲ್ಲ. ಮರಳಿ ಬಂದದ್ದು ಅವಳು ಕಟ್ಟಿದ ಹಣವೋ, ಎಸ್ಕ್ರೋದಿಂದ ಹೋದ ಹಣವೋ? ಎರಡೂ ಅವಳ ಸಂಬಳದಿಂದಲೇ ಬಂದವು ನಿಜ. ಆದರೆ ಎಸ್ಕ್ರೋದ ಹಣವನ್ನು ಕೈಗೆ ತೆಗೆದುಕೊಂಡು ಖರ್ಚು ಮಾಡಿಬಿಟ್ಟರೆ ಮುಂದಿನ ಲೆಕ್ಕದಲ್ಲಿ ಆ ಖಾತೆ ಬರಿದಾಗಿ ಕಾಣುತ್ತದೆ, ತಿಂಗಳ ಕಂತು ಏರುತ್ತದೆ. ಅಲ್ಲಿ ಅನೇಕ ಮನೆಗಳಲ್ಲಿ ನಡೆಯುವುದು ಇದೇ. ನಡುವರ್ಷದಲ್ಲಿ ವಿಮಾ ಕಂಪನಿ ಬದಲಿಸುತ್ತಾರೆ, ಹಳೆಯ ಕಂಪನಿಯಿಂದ ಉಳಿದ ದಿನಗಳ ಹಣ ಮನೆಯವರ ಹೆಸರಿಗೆ ಬರುತ್ತದೆ, ಹಬ್ಬದ ಖರ್ಚಿಗೋ ಊರಿನ ಟಿಕೆಟ್ಟಿಗೋ ಹೋಗುತ್ತದೆ. ವರ್ಷ ತಿರುಗುವಷ್ಟರಲ್ಲಿ ಕಂತು ಯಾಕೆ ಏರಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಶಾಖೆಯಲ್ಲಿ ನಮಗೆ ಸಸ್ಪೆನ್ಸ್ ಖಾತೆ ಎಂಬುದೊಂದಿತ್ತು. ಯಾರದು, ಯಾವುದಕ್ಕೆ ಎಂದು ತಿಳಿಯದ ಮೊತ್ತ ಅಲ್ಲಿ ಹೋಗಿ ಕೂರುತ್ತಿತ್ತು. ಸಂಜೆ ಲೆಕ್ಕ ತಾಳೆಯಾಗಲು ಅದು ಅನುಕೂಲ, ಆದರೆ ನನಗೆ ಅದನ್ನು ಕಂಡರೆ ನೆಮ್ಮದಿಯಿರುತ್ತಿರಲಿಲ್ಲ. ಅಲ್ಲಿರುವ ಪ್ರತಿ ಸಾಲಿನ ಹಿಂದೆ, ಹಣ ಬರಲಿಲ್ಲ ಎಂದು ಎಲ್ಲೋ ಕಾಯುತ್ತಿರುವ ಒಬ್ಬರು ಇರುತ್ತಾರೆ. ಪಿಂಚಣಿಯವರು ಇರಬಹುದು, ಮಗ ಕಳಿಸಿದ ಹಣಕ್ಕೆ ಕಾದಿರುವ ತಾಯಿ ಇರಬಹುದು. ಅಂಕೆಗಳು ತಾಳೆಯಾದ ಮಾತ್ರಕ್ಕೆ ನ್ಯಾಯ ಆದಂತಲ್ಲ ಎಂದು ನಾನು ಕಲಿತದ್ದು ಆ ಖಾತೆಯ ಮುಂದೆ ಕೂತು.

ಹಾಗಾಗಿ ಚೆಕ್ ಜಮಾ ಮಾಡುವ ಮೊದಲು ವಿಮಾ ಕಂಪನಿಯಿಂದ ಪಾವತಿಗಳ ಪಟ್ಟಿ ತರಿಸಿದೆವು. ಎರಡು ಜಮಾ, ಒಂದು ವಾಪಸು. ಎಸ್ಕ್ರೋದ ಹಣ ಉಳಿದುಕೊಂಡಿತ್ತು, ಮಗಳು ತಾನಾಗಿ ಕಟ್ಟಿದ್ದು ಮರಳಿತ್ತು. ಹಣ ಅವಳದೇ. ಆದರೆ ಅದೇ ಪಟ್ಟಿಯಲ್ಲಿ ಹಣಕ್ಕಿಂತ ದೊಡ್ಡದೊಂದು ಕಣ್ಣಿಗೆ ಬಿತ್ತು: ಸಾಲದಾತರ ಜಾಗದಲ್ಲಿ ಇನ್ನೂ ಹಳೆಯ ಹೆಸರೇ ಇತ್ತು. ಅಲ್ಲಿ ಮನೆಗೆ ದೊಡ್ಡ ಹಾನಿಯಾದರೆ ಪರಿಹಾರದ ಚೆಕ್ಕನ್ನು ಸಾಮಾನ್ಯವಾಗಿ ಮನೆಯವರು ಮತ್ತು ಸಾಲದಾತರು ಇಬ್ಬರ ಹೆಸರಿಗೂ ಬರೆಯುತ್ತಾರೆ. ಇಬ್ಬರೂ ರುಜು ಹಾಕದೆ ಅದು ನಗದಾಗುವುದಿಲ್ಲ. ಮನೆ ಕಳೆದುಕೊಂಡು ಬೇರೆಯವರ ಮನೆಯಲ್ಲಿ ಮಲಗಿರುವ ದಿನಗಳಲ್ಲಿ, ಸಂಬಂಧ ಕಡಿದುಹೋದ ಸಂಸ್ಥೆಯೊಂದರ ರುಜುವಿಗಾಗಿ ಅಲೆಯುವ ಸ್ಥಿತಿಯನ್ನು ನೆನೆದು ನನಗೆ ಭಯವಾಯಿತು. ಫೋನಿನಲ್ಲಿ ಹೇಳಿದರೆ ಸಾಲದು, ಬರೆದೇ ಕಳಿಸು ಎಂದೆ. ಸಾಲ ನಿರ್ವಹಿಸುವ ಸಂಸ್ಥೆಗೆ ತಪ್ಪನ್ನು ಲಿಖಿತವಾಗಿ ತಿಳಿಸಿದರೆ ಕೆಲಸದ ಐದು ದಿನದೊಳಗೆ ಪತ್ರ ತಲುಪಿತೆಂದು ತಿಳಿಸಬೇಕು, ಸಾಮಾನ್ಯವಾಗಿ ಕೆಲಸದ 30 ದಿನದೊಳಗೆ ಉತ್ತರ ಕೊಡಬೇಕು ಎಂಬ ನಿಯಮ ಅಲ್ಲಿದೆ. ಹೆಸರು ಸರಿಹೋಯಿತು.

ಇದೇ ಗೊಂದಲ ಇನ್ನೊಂದು ದಿಕ್ಕಿಗೆ ವಾಲಿದ್ದರೆ? ನೀವು ಕಟ್ಟುತ್ತೀರಿ ಎಂದು ಅವರು, ಅವರು ಕಟ್ಟುತ್ತಾರೆ ಎಂದು ನೀವು ಸುಮ್ಮನಿದ್ದರೆ ವಿಮೆ ನಿಂತುಹೋಗುತ್ತದೆ. ಆಗ ಸಾಲದಾತರು ತಾವೇ ಒಂದು ವಿಮೆ ಕೊಂಡು ಅದರ ಖರ್ಚನ್ನು ನಿಮ್ಮ ತಲೆಗೆ ಹಾಕಬಹುದು. ಅದು ಬಹಳ ಸಲ ತುಂಬಾ ದುಬಾರಿ, ಕಾಯುವುದು ಮುಖ್ಯವಾಗಿ ಅವರ ಸಾಲವನ್ನು. ಮನೆಯೊಳಗಿನ ನಿಮ್ಮ ಸಾಮಾನಿಗೆ ಅದರಲ್ಲಿ ಸಾಮಾನ್ಯವಾಗಿ ರಕ್ಷಣೆಯಿಲ್ಲ. ಹಳೆಯ ವಿಮೆ ಚಾಲ್ತಿಯಲ್ಲೇ ಇತ್ತು ಎಂಬ ಪುರಾವೆ ಕೊಟ್ಟರೆ 15 ದಿನದೊಳಗೆ ಅವರು ತಾವು ಕೊಂಡ ವಿಮೆಯನ್ನು ರದ್ದು ಮಾಡಿ, ಎರಡೂ ಇದ್ದ ದಿನಗಳ ಹಣ ಮರಳಿಸಬೇಕು. ಆದರೆ ಪುರಾವೆ ಕೊಡಬೇಕಾದವರು ಪತ್ರ ಓದಿರಬೇಕು. ಭಾಷೆ ಬಾರದ ಮುದುಕರು, ಎರಡೆರಡು ಕೆಲಸ ಮಾಡಿ ದಣಿದು ಬರುವವರು ಲಕೋಟೆ ಒಡೆಯುವುದೇ ಇಲ್ಲ. ಅವರ ಹಣದ ಬಗ್ಗೆ ನನಗೆ ಹೆಚ್ಚು ಸಂಕಟ.

ನಮ್ಮಲ್ಲೂ ಗೃಹಸಾಲದ ಜೊತೆಗೆ ವಿಮೆ ಮಾಡಿಸಿ ಅದರ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸುವುದುಂಟು. ಸಾಲ ಬೇಗ ತೀರಿದಾಗ ಆ ವಿಮೆಯ ಗತಿ ಏನು ಎಂದು ಕೇಳುವವರು ಕಡಿಮೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಹತ್ತು ವರ್ಷ ಕೇಳದ ವಿಮಾ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ. ಅಲ್ಲಿ ಹೋದ ಮೇಲೂ ಕೇಳಿ ಪಡೆಯಬಹುದು. ಮರೆತ ಠೇವಣಿ ಹುಡುಕಲು 2023ರಲ್ಲಿ ರಿಸರ್ವ್ ಬ್ಯಾಂಕು ಉದ್ಗಮ್ ಎಂಬ ಜಾಲತಾಣ ತೆರೆದಿದೆ. ಮನೆಯ ಹಿರಿಯರ ಹೆಸರು ಹಾಕಿ ಒಮ್ಮೆ ನೋಡಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಇಷ್ಟೆಲ್ಲ ಆದ ಮೇಲೆ ಮಗಳು ಇನ್ನೊಂದು ಮಾತು ಕೇಳಿದಳು. "ಒಂದು ಪಾಲು ವಾಪಸು ಬಂತು, ಸರಿ. ಇನ್ನೊಂದು ಪಾಲು? ಹೋದ ವರ್ಷ ಏನೂ ಆಗಲಿಲ್ಲ. ಅದು ಸುಮ್ಮನೆ ಹೋಯಿತಲ್ಲ?"

ನನಗೆ ತೋರಿದ್ದು ಇದಕ್ಕೆ ತಿರುಗುಮುರುಗು. ಒಂದೇ ಮನೆಗೆ ಎರಡು ಸಲ ಕಟ್ಟಿದರೆ ಎರಡು ಪರಿಹಾರ ಸಿಗುವುದಿಲ್ಲ. ಹಾಗಾಗಿ ಮರಳಿ ಬಂದ ಹಣ ಅಲ್ಲಿದ್ದಷ್ಟು ದಿನ ಯಾರನ್ನೂ ಕಾಯಲಿಲ್ಲ. ಮರಳದ ಹಣವೇ ದಿನಕ್ಕೊಂದು ದಿನದಂತೆ ಸಂದು, ಬೆಂಕಿ ಬೀಳದ ಪ್ರತಿ ರಾತ್ರಿಯೂ ಈ ಮನೆಯ ಪಕ್ಕ ನಿಂತಿತ್ತು. ಬಿರುಗಾಳಿಗೆ ಸೂರು ಹಾರಿದ ಇನ್ಯಾರದೋ ಮನೆಗೆ ಹೆಂಚಾಗಿಯೂ ಹೋಗಿರಬಹುದು. ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕವಿರುತ್ತದಲ್ಲ, ಅದರಲ್ಲಿ ಕೊಟ್ಟವರ ಹೆಸರೆಲ್ಲ ಇರುತ್ತದೆ, ಅವರ ಮನೆಯ ಕಾರ್ಯಕ್ಕೆ ತಿರುಗಿ ಕೊಡುತ್ತೇವೆ. ವಿಮೆ ನನಗೆ ಹೆಸರು ಬರೆಯದ ಮುಯ್ಯಿಯಂತೆ ಕಾಣುತ್ತದೆ. ಪಡೆದವರು ಯಾರೆಂದು ತಿಳಿಯದಿದ್ದರೆ ಕೊಟ್ಟದ್ದು ಕಡಿಮೆಯಾಗುತ್ತದೆಯೇ?

ಅಳಿಯ ಇದನ್ನು ಪೂರ್ತಿ ಒಪ್ಪಲಿಲ್ಲ. ಕಂಪನಿಗೆ ಷೇರುದಾರರಿದ್ದಾರೆ, ಲಾಭ ಅವರಿಗೆ, ಮುಯ್ಯಿಯಲ್ಲಿ ಲಾಭ ಎಲ್ಲಿದೆ ಅತ್ತೆ ಎಂದ. ಅವನ ಮಾತಿನಲ್ಲಿ ಸತ್ಯವಿದೆ. ಆದರೆ ಈ ವ್ಯವಹಾರ ಅವನ ಸೀಮೆಯಲ್ಲೇ ಬೇರೆ ರೀತಿ ಶುರುವಾಗಿತ್ತು. ಅವರ ಮನೆಯಿಂದ ದೂರವಿಲ್ಲದ ಫಿಲಡೆಲ್ಫಿಯಾದಲ್ಲಿ 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಊರಿನವರು ಸೇರಿ ಬೆಂಕಿಯಿಂದ ಮನೆಗಳಿಗಾಗುವ ನಷ್ಟವನ್ನು ಹಂಚಿಕೊಳ್ಳಲು ಒಂದು ಸಂಘ ಕಟ್ಟಿದರು. ವಿಮೆ ಮಾಡಿಸಿದವರೇ ಅದರ ಒಡೆಯರು. ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದ ನಾಲ್ಕು ಕೈಗಳು ಅದರ ಗುರುತು. ಆ ಊರಿನ ಹಳೆಯ ಮನೆಗಳ ಗೋಡೆಯ ಮೇಲೆ ಆ ಫಲಕ ಈಗಲೂ ಇದೆ, ಸಂಘವೂ ಇದೆ.

ಅದು ಅವನಿಗೆ ಗೊತ್ತಿರಲಿಲ್ಲ. ಸದಸ್ಯರೇ ಒಡೆಯರಾಗಿರುವ ಅಂಥ ಕಂಪನಿಗಳ ದರ ಕೇಳಿ ನೋಡುತ್ತೇನೆ ಎಂದ. ನೋಡು, ಆದರೆ ನಡುವರ್ಷದಲ್ಲಿ ಬದಲಿಸಬೇಡ, ಈಗಿನ ಅವಧಿ ಮುಗಿಯಲಿ ಎಂದೆ. ಬದಲಿಸಿದ ದಿನವೇ ಸಾಲದ ಸಂಸ್ಥೆಗೆ ಪತ್ರ ಬರೆಯಬೇಕೆಂದು ಮಗಳು ಗುರುತು ಹಾಕಿಕೊಂಡಳು.