ಹಂಗಿಲ್ಲದ ಉಪಕಾರ



"ಫಾದರ್, ನಾನು ಯಾರ ಹಂಗಿನಲ್ಲೂ ಬದುಕಿದವನಲ್ಲ." ಮನೆಭೇಟಿಗೆ ಹೋದಾಗ ಧರ್ಮಗುರುಗಳಾದ ನಾವು ಆಗಾಗ ಕೇಳುವ ಮಾತುಗಳಲ್ಲಿ ಇದೂ ಒಂದು. ಹೀಗೆ ಹೇಳುವವರು ಸಾಮಾನ್ಯವಾಗಿ ಕಷ್ಟಪಟ್ಟು ಮೇಲೆ ಬಂದವರು. ಬರಿಗೈಯಲ್ಲಿ ಊರು ಬಿಟ್ಟು, ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿದು, ಸ್ವಂತ ಮನೆ ಕಟ್ಟಿ ಮಕ್ಕಳನ್ನು ಓದಿಸಿದವರು. ಅವರ ಮಾತಿನಲ್ಲಿ ನಾವು ಗೌರವಿಸಬೇಕಾದದ್ದು ಬಹಳವಿದೆ. ಸೋಮಾರಿತನವನ್ನು ಧರ್ಮಸಭೆ ಎಂದೂ ಸದ್ಗುಣವೆಂದು ಕರೆದಿಲ್ಲ. ಸಂತ ಪೌಲರೇ ಗುಡಾರ ಮಾಡುವ ಕಸುಬಿನಿಂದ ತಮ್ಮ ಅನ್ನ ಸಂಪಾದಿಸಿಕೊಂಡರು.

ಆದರೂ ಆ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. 'ಹಂಗು' ಎಂದರೆ ಸಹಾಯವಲ್ಲ. ಸಹಾಯದ ಜೊತೆಗೆ ಪಡೆದವನ ತಲೆಯ ಮೇಲೆ ಬಂದು ಕೂರುವ ಭಾರ ಅದು. ಎಷ್ಟೋ ಮಂದಿ ಹಸಿದಿದ್ದರೂ ಅನ್ನ ಬೇಡವೆನ್ನುವುದು, ರೋಗವಿದ್ದರೂ ನೆರೆಯವರಿಗೆ ತಿಳಿಸದಿರುವುದು ಈ ಭಾರಕ್ಕೆ ಹೆದರಿಯೇ. ಹಾಗಾದರೆ ಉಪಕಾರವಿದ್ದು ಹಂಗಿಲ್ಲದಿರುವುದು ಸಾಧ್ಯವೇ? ಸಾಧ್ಯವಾದರೆ ಹೇಗೆ? ಇಂದು ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಕುಳಿತು ಯೋಚಿಸಬೇಕೆಂದಿದ್ದೇನೆ.

ಪಡೆಯದೇ ಇದ್ದದ್ದು ಯಾವುದು?

ನಾವು ಹುಟ್ಟಿದಾಗ ನಮ್ಮನ್ನು ಮೀಯಿಸಿದವರು ಬೇರೆಯವರು. ನಾವು ಸತ್ತಾಗ ಮೀಯಿಸುವವರೂ ಬೇರೆಯವರೇ. ನಮ್ಮ ಹೆಸರನ್ನು ನಾವು ಇಟ್ಟುಕೊಂಡಿಲ್ಲ. ನಮ್ಮ ಭಾಷೆಯನ್ನು ನಾವು ಕಂಡುಹಿಡಿದಿಲ್ಲ. ಸ್ವಂತ ದುಡಿಮೆಯಿಂದ ಕಟ್ಟಿದ ಮನೆಗೂ ಮೇಸ್ತ್ರಿಯ ಕೈ, ಗಾರೆ ಹೊತ್ತ ಹೆಂಗಸಿನ ತಲೆ, ಬಿಸಿಲು ಮಳೆ ಎಲ್ಲವೂ ಬೇಕಾಯಿತು. ದುಡಿಯುವ ಶಕ್ತಿಯಾದರೂ ಎಲ್ಲಿಂದ ಬಂತು? ಒಂದು ಜ್ವರ ಬಂದರೆ ಹೊರಟುಹೋಗುವ ಶಕ್ತಿಯನ್ನು 'ನನ್ನದು' ಎನ್ನಲು ನಮಗೆಷ್ಟು ಹಕ್ಕಿದೆ?

ವಿಶ್ವಾಸದ ಬದುಕಿನಲ್ಲಿ ಇದು ಇನ್ನೂ ಸ್ಪಷ್ಟ. ಯಾರೂ ತನಗೆ ತಾನೇ ಜ್ಞಾನಸ್ನಾನ ಕೊಟ್ಟುಕೊಳ್ಳಲಾರರು. ನೂರಾರು ಜನರ ಪಾಪನಿವೇದನೆ ಕೇಳುವ ಗುರುವೂ ತನ್ನ ಪಾಪಗಳಿಗೆ ತಾನೇ ಕ್ಷಮೆ ಕೊಟ್ಟುಕೊಳ್ಳುವಂತಿಲ್ಲ. ಜಗದ್ಗುರುಗಳು ಕೂಡ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಲೇಬೇಕು.

ಐದನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನರಿಗೂ ಪೆಲಾಜಿಯಸ್ ಎಂಬ ತಪಸ್ವಿಗೂ ನಡೆದ ವಾದ ಇದೇ ವಿಷಯದ್ದು. ಪೆಲಾಜಿಯಸ್ ಕೆಟ್ಟವನೇನೂ ಅಲ್ಲ, ಕಟ್ಟುನಿಟ್ಟಾಗಿ ಬದುಕಿದವನು. ಆದರೆ ಮನುಷ್ಯ ತನ್ನ ಸ್ವಂತ ಇಚ್ಛಾಬಲದಿಂದಲೇ ಪಾಪವಿಲ್ಲದೆ ಬಾಳಬಲ್ಲ ಎಂದು ಬೋಧಿಸಿದ. ಅದಕ್ಕೆ ಅಗಸ್ಟೀನರು ಸಂತ ಪೌಲರ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಮುಂದಿಟ್ಟರು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 4ನೇ ಅಧ್ಯಾಯದಲ್ಲಿ, ನಿನ್ನಲ್ಲಿರುವುದರಲ್ಲಿ ದಾನವಾಗಿ ಬಾರದಿದ್ದದ್ದು ಏನಾದರೂ ಇದೆಯೇ ಎಂದು ಪೌಲರು ಕೇಳುತ್ತಾರೆ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆ ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿತು. ಆದರೆ ನಮ್ಮ ಮನಸ್ಸಿನೊಳಗಿನ ಪೆಲಾಜಿಯಸ್ ಅಷ್ಟು ಸುಲಭವಾಗಿ ಹೋಗುವವನಲ್ಲ. ಯಾರ ಹಂಗೂ ನನಗಿಲ್ಲ ಎನ್ನುವಾಗಲೆಲ್ಲ ಅವನೇ ಮಾತನಾಡುತ್ತಾನೆ.

ಮುಯ್ಯಿಯ ಪುಸ್ತಕ

ಹಾಗಿದ್ದರೂ ಪಡೆಯುವುದೆಂದರೆ ನಮಗೇಕೆ ನೋವು? ಪಡೆಯುವವನ ಅಹಂಕಾರ ಅದಕ್ಕೊಂದು ಕಾರಣ. ಕೊಡುವವನ ಲೆಕ್ಕ ಇನ್ನೊಂದು.

ನಮ್ಮ ಊರುಗಳ ಮದುವೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿ ನಿಮಗೆಲ್ಲ ಗೊತ್ತು. ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಯಾರು ಎಷ್ಟು ಕೊಟ್ಟರೆಂದು ಬರೆದಿಡುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟನ್ನೋ ಸ್ವಲ್ಪ ಹೆಚ್ಚನ್ನೋ ತಿರುಗಿ ಕೊಡಬೇಕು. ಇದನ್ನು ಹೀಗಳೆಯಬೇಕಾಗಿಲ್ಲ. ಬ್ಯಾಂಕಿನ ಬಾಗಿಲು ತುಳಿಯಲಾರದ ಎಷ್ಟೋ ಬಡ ಕುಟುಂಬಗಳು ಮಗಳ ಮದುವೆಯನ್ನು ಮಾಡಿ ಮುಗಿಸಿದ್ದು ಈ ಮುಯ್ಯಿಯಿಂದಲೇ. ಆದರೆ ಆ ಪುಸ್ತಕ ಮದುವೆಯ ಚಪ್ಪರದಿಂದ ಮನಸ್ಸಿನೊಳಕ್ಕೆ ಬಂದು ಕೂತಾಗ ತೊಂದರೆ ಶುರುವಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಒಂದು ಮನೆಯ ಕಥೆಯಲ್ಲ, ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ತಂದೆ ಬೇಗ ತೀರಿಕೊಂಡರು. ಅಣ್ಣ ಹತ್ತನೇ ತರಗತಿಗೆ ಓದು ಬಿಟ್ಟು ಗ್ಯಾರೇಜಿಗೆ ಸೇರಿ ತಮ್ಮನನ್ನು ಓದಿಸಿದ. ತಮ್ಮ ಇಂಜಿನಿಯರ್ ಆದ. ಅಲ್ಲಿಯವರೆಗೆ ಎಲ್ಲವೂ ಸುಂದರ. ಆಮೇಲೆ ಪ್ರತಿ ಹಬ್ಬದ ಊಟದಲ್ಲಿ, ಪ್ರತಿ ನೆಂಟರ ಮುಂದೆ ಅಣ್ಣ ಹೇಳತೊಡಗಿದ: "ನನ್ನ ಬೆವರಿನಿಂದ ಇವನು ಇಂಜಿನಿಯರ್ ಆದದ್ದು." ಹೊಸತಾಗಿ ಬಂದ ತಮ್ಮನ ಹೆಂಡತಿಯ ಮುಂದೆಯೂ ಹೇಳಿದ. ತಮ್ಮ ಸಹಿಸಿದ, ಸಹಿಸಿದ. ಒಂದು ದಿನ ಕಾಲೇಜಿನ ಶುಲ್ಕ, ಹಾಸ್ಟೆಲಿನ ಖರ್ಚು ಎಲ್ಲವನ್ನೂ ಕೂಡಿಸಿ, ಬ್ಯಾಂಕಿನ ದರದಲ್ಲಿ ಬಡ್ಡಿ ಹಾಕಿ, ಲಕೋಟೆಯಲ್ಲಿಟ್ಟು ಅಣ್ಣನ ಮೇಜಿನ ಮೇಲಿಟ್ಟ. "ಇನ್ನು ನನಗೂ ನಿನಗೂ ಲೆಕ್ಕ ಚುಕ್ತಾ." ಅಂದಿನಿಂದ ಇಬ್ಬರೂ ಮಾತನಾಡಿಲ್ಲ. ತಾಯಿ ಮಾತ್ರ ಇಬ್ಬರ ಮನೆಗೂ ಓಡಾಡುತ್ತಾಳೆ.

ತಪ್ಪು ಯಾರದು? ತಮ್ಮನಿಗೆ ಕೃತಜ್ಞತೆಯಿಲ್ಲ ಎಂದು ಊರು ಹೇಳುತ್ತದೆ. ಆದರೆ ಕೊಟ್ಟದ್ದನ್ನು ಮೊದಲು ಸಾಲವಾಗಿ ಮಾಡಿದವನು ಅಣ್ಣ. ಪ್ರೀತಿಯಿಂದ ಕೊಟ್ಟದ್ದಕ್ಕೆ ಪ್ರತಿ ಹಬ್ಬದಲ್ಲೂ ಹೊಗಳಿಕೆಯ ಬಡ್ಡಿ ವಸೂಲು ಮಾಡಿದ. ತಮ್ಮ ಮಾಡಿದ ತಪ್ಪೆಂದರೆ ಅಣ್ಣನ ಆ ಲೆಕ್ಕವನ್ನು ಒಪ್ಪಿಕೊಂಡದ್ದು. ಹಣ ಕೊಟ್ಟರೆ ತೀರುವ ಋಣ ಅದಾಗಿರಲಿಲ್ಲ. ಹದಿನಾರು ವರ್ಷದ ಹುಡುಗನೊಬ್ಬ ಪುಸ್ತಕ ಕೆಳಗಿಟ್ಟು ಸ್ಪ್ಯಾನರ್ ಎತ್ತಿಕೊಂಡದ್ದಕ್ಕೆ ಯಾವ ಬ್ಯಾಂಕು ದರ ಕಟ್ಟಲು ಸಾಧ್ಯ?

ಸಂತ ಥಾಮಸ್ ಅಕ್ವಿನಾಸರು ಹದಿಮೂರನೇ ಶತಮಾನದಲ್ಲಿ ತಮ್ಮ 'ಸುಮ್ಮಾ ಥಿಯೊಲೊಜಿಕಾ' ಗ್ರಂಥದಲ್ಲಿ ಕೃತಜ್ಞತೆಯನ್ನು ಒಂದು ಪ್ರತ್ಯೇಕ ಸದ್ಗುಣವಾಗಿ ವಿಚಾರಿಸಿದ್ದಾರೆ. ಕಾನೂನಿನ ಋಣ ಬೇರೆ, ಉಪಕಾರದ ಋಣ ಬೇರೆ ಎಂಬುದು ಅವರ ಮಾತಿನ ತಿರುಳು. ಅಂಗಡಿಯ ಬಾಕಿಯನ್ನು ಬೇಗ ತೀರಿಸಿದಷ್ಟೂ ಒಳ್ಳೆಯದು. ಆದರೆ ಉಪಕಾರವನ್ನು ಅವಸರವಾಗಿ ಹಿಂದಿರುಗಿಸುವವನು ಕೃತಜ್ಞನಲ್ಲ, ಸಾಲದಿಂದ ತಪ್ಪಿಸಿಕೊಳ್ಳಲು ನೋಡುವವನು. ರೋಮಿನ ತತ್ತ್ವಜ್ಞಾನಿ ಸೆನೆಕನ ಈ ವಿಚಾರವನ್ನು ಅವರು ಒಪ್ಪಿಕೊಳ್ಳುತ್ತಾರೆ. ಇನ್ನೂ ಮುಂದೆ ಹೋಗಿ, ಕೃತಜ್ಞತೆಯ ಋಣ ಪ್ರೀತಿಯಿಂದ ಹುಟ್ಟಿದ್ದರಿಂದ ಅದು ಕೊಟ್ಟಷ್ಟೂ ಬೆಳೆಯುತ್ತದೆ ಎನ್ನುತ್ತಾರೆ. ಮರುಪಾವತಿ ಮಾಡದಿರುವುದಕ್ಕಿಂತಲೂ ಪಡೆದದ್ದನ್ನೇ ಮರೆತುಬಿಡುವುದು ಅವರ ದೃಷ್ಟಿಯಲ್ಲಿ ಕೃತಘ್ನತೆಯ ಕಟ್ಟಕಡೆಯ ಮೆಟ್ಟಿಲು.

ನ್ಯಾಯವನ್ನು ಉಪಕಾರವೆನ್ನಬೇಡಿ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಋಣ' ಎಂಬ ಪವಿತ್ರ ಮಾತನ್ನು ಮನುಷ್ಯರನ್ನು ಕಟ್ಟಿಹಾಕಲು ನಮ್ಮ ದೇಶದಲ್ಲಿ ಬಹಳ ಕಾಲ ಬಳಸಲಾಗಿದೆ. ಅಪ್ಪ ಪಡೆದ ಸಣ್ಣ ಸಾಲಕ್ಕೆ ಮಗ, ಮೊಮ್ಮಗ ಧಣಿಯ ಮನೆಯಲ್ಲಿ ಜೀತಕ್ಕೆ ದುಡಿದರು. "ನಿಮ್ಮ ಅನ್ನದ ಋಣ ತೀರಿಸಲಾರೆ ಬುದ್ಧೀ" ಎಂದು ಅವರ ಬಾಯಿಂದಲೇ ಹೇಳಿಸಲಾಯಿತು. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕಾನೂನು ಬಂದದ್ದು 1976ರಲ್ಲಿ.

ಹಾಗಾಗಿ ಮನೆಕೆಲಸದಾಕೆಗೆ ಸಂಬಳ ಕೊಡುವುದು ಉಪಕಾರವಲ್ಲ, ತೋಟದ ಆಳಿಗೆ ಕೂಲಿ ಕೊಡುವುದು ದಾನವಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ, ಕೆಲಸಗಾರನು ಬದುಕಲು ಸಾಕಾಗುವಷ್ಟು ಕೂಲಿ ನ್ಯಾಯವಾಗಿ ಸಲ್ಲಬೇಕಾದದ್ದು ಎಂದು ಬೋಧಿಸಿದರು. ನ್ಯಾಯವಾಗಿ ಸಲ್ಲಬೇಕಾದದ್ದನ್ನು ಕೊಟ್ಟು ಕೃತಜ್ಞತೆ ನಿರೀಕ್ಷಿಸುವುದು ಇನ್ನೊಂದು ಬಗೆಯ ಕಳ್ಳತನ. ನ್ಯಾಯದ ಬಾಕಿ ಪೂರ್ತಿ ತೀರಿದ ಮೇಲೆ ಮಾತ್ರ ಉಪಕಾರದ ಮಾತು.

ಉಪಕಾರವನ್ನಾದರೂ ಹೇಗೆ ಮಾಡುತ್ತೇವೆ? 2020ರ ಲಾಕ್‌ಡೌನ್ ಕಾಲದಲ್ಲಿ ಅಕ್ಕಿ ಬೇಳೆಯ ಕಿಟ್ ಹಂಚಿದ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. ಕೊಟ್ಟವರೆಲ್ಲ ಕ್ಯಾಮೆರಾ ನೋಡುತ್ತಿದ್ದರು, ಪಡೆದವರು ನೆಲ ನೋಡುತ್ತಿದ್ದರು. ಆ ಅಕ್ಕಿಯಿಂದ ಹಸಿವು ನೀಗಿತು, ನಿಜ. ಆದರೆ ನೆಲ ನೋಡಿದ ಆ ಕಣ್ಣುಗಳಿಗೆ ನಾವೇನು ಉತ್ತರ ಕೊಡೋಣ? 1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತು ವರ್ಷದ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಸಂತ ವಿನ್ಸೆಂಟ್ ದೆ ಪೌಲರ ಹೆಸರಿನ ಸಭೆಯನ್ನು ಆರಂಭಿಸಿದಾಗ, ಬಡವರನ್ನು ತಮ್ಮ ಬಾಗಿಲಿಗೆ ಕರೆಸಲಿಲ್ಲ, ತಾವೇ ಅವರ ಮನೆಗೆ ಹೋದರು. ನಮ್ಮ ಧರ್ಮಕೇಂದ್ರಗಳ ವಿನ್ಸೆಂಟ್ ಸಭೆಯವರು ಸದ್ದಿಲ್ಲದೆ ಮನೆಗಳಿಗೆ ಹೋಗಿಬರುವುದು ಅದೇ ದಾರಿಯಲ್ಲಿ. ಅತಿಥಿಯಾಗಿ ಒಳಗೆ ಹೋಗಿ, ಅವರು ಕೊಟ್ಟ ಕಪ್ಪು ಚಹಾ ಕುಡಿದವನ ಮುಂದೆ ಯಾರೂ ತಲೆ ತಗ್ಗಿಸಬೇಕಾಗುವುದಿಲ್ಲ. ಅಲ್ಲಿ ಇಬ್ಬರೂ ಕೊಟ್ಟವರು, ಇಬ್ಬರೂ ಪಡೆದವರು.

ಪೇತ್ರನ ಪಾದಗಳು

ಪವಿತ್ರ ಗುರುವಾರದ ಸಂಜೆ ಪಾದ ತೊಳೆಯುವ ವಿಧಿಗೆ ಹನ್ನೆರಡು ಮಂದಿಯನ್ನು ಆರಿಸುವುದು ಗುರುಗಳಿಗೆ ಸುಲಭದ ಕೆಲಸವಲ್ಲ. ಅನೇಕರು ನಾಚಿಕೊಂಡು ಹಿಂದೆ ಸರಿಯುತ್ತಾರೆ. ಒಪ್ಪಿದವರು ಮನೆಯಲ್ಲೇ ಸೋಪು ಹಾಕಿ ತಿಕ್ಕಿ, ಉಗುರು ಕತ್ತರಿಸಿ, ಶುಭ್ರವಾದ ಪಾದಗಳನ್ನು ತೊಳೆಸಿಕೊಳ್ಳಲು ಬರುತ್ತಾರೆ! ನಗು ಬರುತ್ತದೆ, ಆದರೆ ನಮ್ಮೆಲ್ಲರ ಸ್ವಭಾವವೂ ಇದೇ. ಕೊಳೆಯಿರುವ ಪಾದವನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಒಪ್ಪುವುದಿಲ್ಲ, ಅದು ದೇವರ ಕೈಯಾದರೂ ಕೂಡ.

ಪೇತ್ರನಿಗೂ ಹಾಗೆಯೇ ಆಯಿತು. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯ ಓದಿ ನೋಡಿ. ಪ್ರಭುವಿಗಾಗಿ ಪ್ರಾಣ ಕೊಡಲು ಸಿದ್ಧನೆಂದವನು, ಪ್ರಭು ಮಂಡಿಯೂರಿ ನೀರು ಹಿಡಿದಾಗ ಬೇಡವೇ ಬೇಡ ಎನ್ನುತ್ತಾನೆ. ಕೊಡಲು ಪೇತ್ರ ಸಿದ್ಧ, ಪಡೆಯಲು ಸಿದ್ಧನಲ್ಲ. ತೊಳೆಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದು ಪ್ರಭು ಸ್ಪಷ್ಟವಾಗಿ ಹೇಳಿದರು. ಆ ಮೇಲೆಯೇ, ನೀವೂ ಒಬ್ಬರ ಪಾದವನ್ನೊಬ್ಬರು ತೊಳೆಯಿರಿ ಎಂಬ ಆಜ್ಞೆ ಬಂತು. ಈ ಕ್ರಮವನ್ನು ಗಮನಿಸಿ. ಮೊದಲು ಪಡೆಯಬೇಕು, ಬಳಿಕ ಕೊಡಬೇಕು. ತಾನು ಪಡೆದವನೆಂಬುದನ್ನು ಬಲ್ಲವನ ಕೈಯಿಂದ ಬಂದ ಉಪಕಾರದಲ್ಲಿ ಹಂಗಿರುವುದಿಲ್ಲ. ಅವನು ತನ್ನದಲ್ಲದ್ದನ್ನು ಮುಂದಕ್ಕೆ ದಾಟಿಸುತ್ತಾನೆ, ಅಷ್ಟೇ. ಔತಣಕ್ಕೆ ತಿರುಗಿ ಕರೆಯಲಾರದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಿರಿ ಎಂದು ಸಂತ ಲೂಕರ 14ನೇ ಅಧ್ಯಾಯದಲ್ಲಿ ಪ್ರಭು ಹೇಳಿದ್ದೂ ಈ ಕಾರಣಕ್ಕೇ. ಆ ಔತಣದಲ್ಲಿ ಮುಯ್ಯಿಯ ಪುಸ್ತಕಕ್ಕೆ ಜಾಗವಿಲ್ಲ.

ಭಾನುವಾರದ ಬಲಿಪೂಜೆಯಲ್ಲಿ ನಾವು ಅಭ್ಯಾಸ ಮಾಡುವುದು ಇದನ್ನೇ. 'ಯೂಕರಿಸ್ತ್' ಎಂಬ ಗ್ರೀಕ್ ಮೂಲದ ಪದಕ್ಕೆ ಕೃತಜ್ಞತಾಸ್ತುತಿ ಎಂದೇ ಅರ್ಥ. ನಾವು ಕನ್ನಡದಲ್ಲಿ ಅದನ್ನು ಪರಮಪ್ರಸಾದ ಎನ್ನುತ್ತೇವೆ. ಎಷ್ಟು ಒಳ್ಳೆಯ ಮಾತು! ಪ್ರಸಾದವನ್ನು ಯಾರೂ ಕೊಂಡುಕೊಳ್ಳುವುದಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಆ ಸಾಲಿನಲ್ಲಿ ತೋಟದ ಮಾಲೀಕರೂ ಅವರ ಆಳೂ, ವೈದ್ಯರೂ ರೋಗಿಯೂ ಪಡೆಯುವವರಾಗಿಯೇ ಬರುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಅದೇ ಸಾಲಿನಲ್ಲಿ ನಿಲ್ಲಬೇಕು. ಇಲ್ಲಿ ಪಡೆದು ಹಿಂದಿರುಗಿದವನು ಮನೆಯಲ್ಲಿ ಹಳೆಯ ಲೆಕ್ಕದ ಪುಸ್ತಕ ತೆರೆಯುವುದು ಹೇಗೆ?

ಈ ವಾರ ನಮ್ಮ ಮನೆಗಳಲ್ಲಿ

ಚಿಂತನೆ ಕಾರ್ಯಕ್ಕಿಳಿಯಬೇಕು. ರಾತ್ರಿ ಜಪಸರವಾದ ಮೇಲೆ ಮನೆಯ ಪ್ರತಿಯೊಬ್ಬರೂ ಆ ದಿನ ತಮಗೆ ಒಳಿತು ಮಾಡಿದ ಒಬ್ಬರನ್ನು ಹೆಸರಿಸಿ ಪ್ರಾರ್ಥಿಸಲಿ. ಬಸ್ಸು ನಿಲ್ಲಿಸಿ ಹತ್ತಿಸಿಕೊಂಡ ಡ್ರೈವರ್ ಇರಬಹುದು, ಲೆಕ್ಕ ಹೇಳಿಕೊಟ್ಟ ಸಹಪಾಠಿ ಇರಬಹುದು. ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ದೇವರಿಗೆ ಗೊತ್ತು. ಮಕ್ಕಳು ಕೃತಜ್ಞತೆ ಕಲಿಯುವುದು ಉಪದೇಶದಿಂದಲ್ಲ, ತಂದೆ ತನಗೆ ಅಡುಗೆ ಮಾಡಿ ಬಡಿಸಿದವಳ ಹೆಸರನ್ನು ದೇವರ ಮುಂದೆ ಹೇಳುವುದನ್ನು ಕೇಳಿಸಿಕೊಂಡಾಗ.

'ಥ್ಯಾಂಕ್ಸ್' ಎನ್ನುವುದು ಒಳ್ಳೆಯ ರೂಢಿ. ಆದರೆ ನಮ್ಮ ಅಜ್ಜಿಯಂದಿರು ನೀರು ಕೊಟ್ಟವರಿಗೆ "ನಿನ್ನ ಹೊಟ್ಟೆ ತಣ್ಣಗಿರಲಿ" ಎನ್ನುತ್ತಿದ್ದರು. ಅದು ಬರಿಯ ವಂದನೆಯಲ್ಲ, ಆಶೀರ್ವಾದ. ಕೊಡಲು ಕೈಯಲ್ಲಿ ಏನೂ ಇಲ್ಲದವಳು ದೇವರಿಂದ ಕೊಡಿಸುತ್ತಾಳೆ. ಆ ಮಾತು ನಮ್ಮ ಮನೆಗಳಿಂದ ಮರೆಯಾಗದಿರಲಿ.

ಹಿಂದೆ ಯಾರಿಗಾದರೂ ಮಾಡಿದ ಉಪಕಾರವನ್ನು ನೀವು ಎತ್ತಿ ಆಡುತ್ತಿದ್ದರೆ ಈ ವಾರ ಅದನ್ನು ನಿಲ್ಲಿಸಿ. ಯಾರ ಉಪಕಾರವನ್ನಾದರೂ ಲಕೋಟೆಯಲ್ಲಿಟ್ಟು ಹಿಂದಿರುಗಿಸಿದ್ದರೆ, ಒಮ್ಮೆ ಅವರ ಮನೆಗೆ ಹೋಗಿ ಕುಳಿತು ಊಟ ಮಾಡಿ ಬನ್ನಿ. ಅಣ್ಣನ ಮನೆಯಲ್ಲಿ ಮತ್ತೆ ಕೈ ನೀಡಿ ತುತ್ತು ಪಡೆಯುವುದು ಹಣ ಎಣಿಸಿಕೊಡುವುದಕ್ಕಿಂತ ಕಷ್ಟ. ಆದರೆ ಆ ತಾಯಿ ಕಾದಿರುವುದು ಅದೊಂದಕ್ಕೇ.

ನಮಗೆ ಎಲ್ಲವನ್ನೂ ಕೊಟ್ಟು ಒಮ್ಮೆಯೂ ಹಂಗಿಸದ ಪ್ರಭು, ಪಡೆಯುವ ದೀನತೆಯನ್ನೂ ಕೊಡುವ ಉದಾರತೆಯನ್ನೂ ನಿಮ್ಮೆಲ್ಲರ ಕುಟುಂಬಗಳಿಗೆ ದಯಪಾಲಿಸಲಿ.