ಅನಧ್ಯಾಯ

ಏಳನೇ ತರಗತಿ ಮುಗಿಸಿದ ಮೊಮ್ಮಗಳಿಗೆ ಏಪ್ರಿಲ್‌ನಲ್ಲಿ ರಜೆ ಸಿಕ್ಕಿತೋ ಇಲ್ಲವೋ, ಮಗ ಟ್ಯೂಷನ್ನಿಗೆ ಮುಂಗಡ ಕಟ್ಟಿ ಬಂದ. ಮೇ ಮುಗಿಯುವಷ್ಟರಲ್ಲಿ ಭಿನ್ನರಾಶಿ ಮರೆತಿರುತ್ತಾಳೆಂಬ ಭಯ ಅವನದು. ಸುಳ್ಳಲ್ಲ. ಆದರೆ ಪಾಠ ನಿಲ್ಲಿಸುವುದೂ ವಿದ್ಯೆಯ ಧರ್ಮವೇ ಅಲ್ಲವೆ, ಎಂಬುದು ಸಂಸ್ಕೃತ ಮೇಷ್ಟ್ರಾಗಿದ್ದ ನನ್ನ ತಕರಾರು.

ಮನುಸ್ಮೃತಿಯೊಡನೆ ನನಗೆ ಜಗಳ ಬೇಕಾದಷ್ಟಿದೆ. ಅದು ಯಾರ್ಯಾರಿಗೆ ಓದಿನ ಬಾಗಿಲು ಮುಚ್ಚಿತೆಂಬುದು ಗೊತ್ತಿರುವುದೇ. ಆದರೂ ಅದರ 4ನೇ ಅಧ್ಯಾಯದಲ್ಲಿರುವ ಅನಧ್ಯಾಯದ, ಅಂದರೆ ಪಾಠ ನಿಲ್ಲಿಸಬೇಕಾದ ಸಂದರ್ಭಗಳ, ಪಟ್ಟಿ ಓದಿದರೆ ನಗು ಬರುತ್ತದೆ. ಗುಡುಗಿದರೆ ಪಾಠವಿಲ್ಲ, ಅಮಾವಾಸ್ಯೆಗಿಲ್ಲ. ಗುರುಶಿಷ್ಯರ ನಡುವೆ ಕಪ್ಪೆಯೋ ಬೆಕ್ಕೋ ಹಾದುಹೋದರೆ ಒಂದು ಹಗಲು ಒಂದು ರಾತ್ರಿ ಬಿಡುವು! ಶ್ರಾವಣದಲ್ಲಿ ಉಪಾಕರ್ಮ ಮಾಡಿ ಹಿಡಿದ ವೇದಾಧ್ಯಯನವನ್ನು ನಾಲ್ಕೂವರೆ ತಿಂಗಳಿಗೆ ವಿಧಿಪೂರ್ವಕ ಕೈಬಿಡಬೇಕು. ಅದೇ ಉತ್ಸರ್ಜನ. ಆಮೇಲೆ ಶುಕ್ಲಪಕ್ಷದಲ್ಲಿ ವೇದ, ಕೃಷ್ಣಪಕ್ಷದಲ್ಲಿ ವೇದಾಂಗ: ವ್ಯಾಕರಣ, ಛಂದಸ್ಸು, ಜ್ಯೋತಿಷ. ಕಲಿಕೆ ನಿಲ್ಲಲಿಲ್ಲ, ಮಗ್ಗುಲು ಬದಲಿಸಿತು.

ಕಲಿತದ್ದು ಒಳಗಿಳಿಯಲು ಬಿಡುವು ಬೇಕೆಂದು ಹಿಂದಿನವರು ಯೋಚಿಸಿದ್ದರೋ, ಅಪಶಕುನಕ್ಕೆ ಹೆದರಿದ್ದರೋ? ಎರಡನೆಯದೇ ಹೆಚ್ಚೆಂದು ನನ್ನ ಗುಮಾನಿ. ಕಾರಣ ಏನೇ ಇರಲಿ, ಮಕ್ಕಳಿಗೆ ಲಾಭವಾಯಿತು.

ಮಗನೊಡನೆ ಕೊನೆಗೆ ರಾಜಿಯಾಗಿದೆ. ಬೆಳಗ್ಗೆ ಅರ್ಧ ಗಂಟೆ ಲೆಕ್ಕ. ಮಿಕ್ಕ ಹೊತ್ತು ಮೈಸೂರು ರಂಗಾಯಣದ ಮಕ್ಕಳ ರಂಗಶಿಬಿರ, ಚಿಣ್ಣರ ಮೇಳ. ನಾಟಕದಲ್ಲಿ ಮಾತು ಬಾಯಿಪಾಠ ಮಾಡಬೇಕು, ತಾಳ ಎಣಿಸಬೇಕು. ಪರೀಕ್ಷೆ ಮಾತ್ರ ಇಲ್ಲ.