ಅಪಾಯ ಯಾರಿಗೆ?

ಸಿಂಧನೂರಿನಲ್ಲಿ ಹದಿನೆಂಟು ವರ್ಷ ಮೆಡಿಕಲ್ ಶಾಪ್ ನಡೆಸಿದವನು ನಾನು. ಈಗ ಅಂಗಡಿ ತಮ್ಮನ ಕೈಯಲ್ಲಿದೆ. ಕೌಂಟರಿನ ಹಿಂದೆ ನಿಂತವನಿಗೆ ಊರಿನ ಬಗ್ಗೆ ತಿಳಿಯುವಷ್ಟು ಪೊಲೀಸರಿಗೂ ತಿಳಿಯಲಿಕ್ಕಿಲ್ಲ. ಯಾರ ಮನೆಯಲ್ಲಿ ಶುಗರು, ಯಾರಿಗೆ ನಿದ್ದೆ ಇಲ್ಲ, ಯಾರ ಸೊಸೆಗೆ ಮೂರು ವರ್ಷದಿಂದ ಗರ್ಭ ನಿಂತಿಲ್ಲ, ಎಲ್ಲ ಚೀಟಿ ನೋಡಿದರೆ ಗೊತ್ತಾಗುತ್ತದೆ. ಚೀಟಿ ಇಲ್ಲದೆ ಬರುವವರ ಕಥೆಯೇ ಬೇರೆ. ಅವರು ಬಂದು ಸುಮ್ಮನೆ ಪೇಸ್ಟು, ಸೋಪು ನೋಡುತ್ತ ನಿಲ್ಲುತ್ತಾರೆ. ಉಳಿದ ಗಿರಾಕಿಗಳು ಹೋದ ಮೇಲೆ ದನಿ ಇಳಿಯುತ್ತದೆ. "ಅಣ್ಣಾ, ಉರಿಮೂತ್ರಕ್ಕ ಏನರ ಗುಳಿಗಿ ಐತೇನು?"

ಭತ್ತದ ಕಟಾವಿನ ಹೊತ್ತಿಗೆ ಹೀಗೆ ಕೇಳುವವರು ಹೆಚ್ಚು. ಲಾರಿ, ಹಾರ್ವೆಸ್ಟರ್, ರೈಸ್ ಮಿಲ್ಲು, ಕೈಯಲ್ಲಿ ದುಡ್ಡು. ಅವರಿಗೆಲ್ಲ ನಾನು ಗುಳಿಗೆ ಕೊಟ್ಟಿದ್ದೇನೆ. ಚೀಟಿ ಇಲ್ಲದೆ ಕೊಡಬಾರದು, ಕೊಟ್ಟೆ. ಬರೆದುಕೊಂಡು ಲೆಕ್ಕ ಇಟ್ಟವನಲ್ಲ. ಆದರೆ ಒಂದು ಮಾತು ಖಾತ್ರಿಯಾಗಿ ಹೇಳಬಲ್ಲೆ: ಹದಿನೆಂಟು ವರ್ಷದಲ್ಲಿ ಒಬ್ಬ ಗಂಡಸೂ ಇನ್ನೊಬ್ಬರಿಗೆ ಅಂತ ಎರಡನೆಯ ಡೋಸು ಕೇಳಲಿಲ್ಲ. ಈ ಸೋಂಕುಗಳ ಚಿಕಿತ್ಸೆಯ ಮೊದಲ ಪಾಠವೇ ಅದು. ಇಬ್ಬರಿಗೂ ಒಟ್ಟಿಗೆ ಮದ್ದು ಆಗಬೇಕು, ಇಲ್ಲದಿದ್ದರೆ ಹೋದದ್ದು ವಾಪಸು ಬರುತ್ತದೆ. ನಾನೂ ಯಾರನ್ನೂ ಕೇಳಲಿಲ್ಲ, ಮನೆಯವರಿಗೆ ಬೇಡವಾ, ಅವಳಿಗೆ ಬೇಡವಾ ಅಂತ. ಕೇಳಿದರೆ ಗಿರಾಕಿ ಮುಂದಿನ ಸಲ ಎದುರಿನ ಅಂಗಡಿಗೆ ಹೋಗುತ್ತಾನಲ್ಲ.

ಈ ಗಿರಾಕಿ ಅನ್ನುವ ಶಬ್ದವನ್ನು ನಾನೂ ಬಳಸುತ್ತೇನೆ, ಆಕೆಯೂ ಬಳಸುತ್ತಿದ್ದಳು.

ಆಕೆ ಮಸ್ಕಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಸ್ಕಿಯಲ್ಲಿ ಔಷಧದಂಗಡಿ ಇಲ್ಲವೇ, ಲಿಂಗಸುಗೂರಿನಲ್ಲಿ ದೊಡ್ಡಾಸ್ಪತ್ರೆ ಇಲ್ಲವೇ? ಇವೆ. "ನಮ್ಮೂರಾಗ ಕೇಳಿದ್ರ ಸಂಜಿ ಅನ್ನೋದ್ರಾಗ ಊರಿಗೆಲ್ಲ ಗೊತ್ತಾಗ್ತೈತಣ್ಣ" ಅಂತ ಆಕೆಯೇ ಒಮ್ಮೆ ಹೇಳಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದಿರಬೇಕು, ಆದರೂ ಅಣ್ಣಾ ಅನ್ನುತ್ತಿದ್ದಳು. ನಾನು ಆಕೆಯನ್ನು ಏನಂತಲೂ ಕರೆಯಲಿಲ್ಲ. ಅಂಗಡಿಗೆ ಬರುವ ಉಳಿದ ಹೆಣ್ಣುಮಕ್ಕಳಿಗೆಲ್ಲ ಅವ್ವ, ಅಕ್ಕ, ತಂಗಿ ಅನ್ನುವ ಬಾಯಿ ನನ್ನದು. ಆಕೆಗೆ ಮಾತ್ರ "ಏನ್ ಬೇಕು?" ಅಷ್ಟೆ.

ಬೇಕಾದದ್ದು ಬಿಳಿ ಹೋಗುವುದಕ್ಕೆ ಗುಳಿಗೆ. ಮೊದಲ ಸಲ ಕೊಟ್ಟೆ. ಎರಡು ತಿಂಗಳು ಬಿಟ್ಟು ಬಂದಳು, ಅದನ್ನೇ ಕೊಟ್ಟೆ. ಮೂರನೆಯ ಸಲ ಬಂದಾಗ, ಮುಟ್ಟಿನ ದಿನ ಅಲ್ಲದಾಗಲೂ ರಕ್ತ ಕಾಣಿಸುತ್ತದೆ, ವಾಸನೆ ಇದೆ, ಸೊಂಟ ನೋವು ಅಂದಳು. ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ರಕ್ತ ಚೆಕ್ ಮಾಡಿಸೀಯೇನು?" ನನ್ನ ತಲೆಯಲ್ಲಿದ್ದ ರೋಗ ಒಂದೇ. ಆಕೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. "ಆರು ತಿಂಗಳಿಗೊಮ್ಮೆ ಕೊಡ್ತೀನಣ್ಣ. ಎಲ್ಲಾ ಚಲೋ ಐತಿ ಅಂತಾರ. ನಾ ನಿರೋಧ್ ಇಲ್ಲದ ಯಾರ್ನೂ ಹತ್ರ ಬಿಟ್ಕೊಳ್ಳಲ್ಲ." ಕ್ಷಣ ತಡೆದು, "ನಮ್ಮ ಮನೀಗೆ ಬರೋ ಅವ್ರೊಬ್ರು ಬಿಟ್ಟು" ಅಂದಳು.

ನನಗೆ ಸಮಾಧಾನವಾಯಿತು. ಅದೇ ಸ್ಟ್ರಿಪ್ಪು ಕೊಟ್ಟು ಕಳಿಸಿದೆ.

ಆಕೆಗಿದ್ದದ್ದು ಗರ್ಭಕಂಠದ ಕ್ಯಾನ್ಸರು. ಅದು ರಾಯಚೂರಿನಲ್ಲಿ ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು ಅಂತ ಆಮೇಲೆ ಯಾರೋ ಹೇಳಿದರು. ಆ ವರ್ಷದ ಜಾತ್ರೆಯ ಹೊತ್ತಿಗೆ ಆಕೆ ಇರಲಿಲ್ಲ.

ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದೆ. ಅದೂ ಲೈಂಗಿಕ ಸಂಪರ್ಕದಿಂದಲೇ ಹರಡುವಂಥದ್ದು. ಕಾಂಡೋಮ್ ಅದನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಬಹುತೇಕರಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಉಳಿದು, ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಕೂತು, ಗಂಟಾಗುತ್ತದೆ. ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಈ ಅಪಾಯ ಉಳಿದವರ ಆರು ಪಟ್ಟು. ಮೊದಲೇ ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿಸಿ ಹಚ್ಚಿ, ಒಂದು ನಿಮಿಷ ಕಾದು ನೋಡಿದರೆ ಅನುಮಾನದ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ನರ್ಸಮ್ಮ ಮಾಡಬಹುದಾದ ಕೆಲಸ.

ಹಾಗಾದರೆ ಆರು ತಿಂಗಳಿಗೊಮ್ಮೆ ಆಕೆಯ ರಕ್ತ ತೆಗೆದುಕೊಂಡವರು ಇದನ್ನು ಯಾಕೆ ನೋಡಲಿಲ್ಲ? ನ್ಯಾಯವಾಗಿ ಹೇಳಬೇಕೆಂದರೆ, ಒಳಗಿನ ತಪಾಸಣೆಗೆ ಆಕೆಯೇ ನಾಚಿಕೊಂಡು ಹೋಗುತ್ತಿರಲಿಲ್ಲವಂತೆ, ಬರೀ ರಕ್ತ ಕೊಟ್ಟು ಬರುತ್ತಿದ್ದಳಂತೆ. ಆದರೆ ರಕ್ತ ಕೊಡದಿದ್ದರೆ ಮನೆತನಕ ಬಂದು ನೆನಪಿಸುವವರಿದ್ದರು. ಇದಕ್ಕೆ ಹಾಗೆ ಬರುವವರು ಇರಲಿಲ್ಲ. ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇಲ್ಲೇ ಹುಟ್ಟಿದ್ದು.

ಸರಕಾರಿ ಕಾಗದಪತ್ರದಲ್ಲಿ ಇವರಿಗೆ 'ಹೈ ರಿಸ್ಕ್ ಗ್ರೂಪ್' ಅಂತ ಹೆಸರು. ಲಾರಿ ಡ್ರೈವರುಗಳಿಗೆ, ಗುಳೆ ಹೋಗುವ ಕೂಲಿಗಳಿಗೆ 'ಬ್ರಿಡ್ಜ್', ಅಂದರೆ ಸೇತುವೆ. ಸೇತುವೆಯ ಆಚೆ ದಡದಲ್ಲಿರುವವರು 'ಸಾಮಾನ್ಯ ಜನ', ಅಂದರೆ ನಾನು, ನೀವು, ನಮ್ಮ ಹೆಂಡಂದಿರು. ಈ ಚಿತ್ರ ಬರೆದವರು ಕೆಟ್ಟವರೇನಲ್ಲ, ಸೋಂಕು ಹರಡುವ ದಾರಿಯನ್ನು ಲೆಕ್ಕ ಹಾಕಿದವರು. ಆದರೆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ಅಪಾಯದಲ್ಲಿರುವವಳು ಅನ್ನುವುದು ಎಲ್ಲೋ ಒಂದು ಕಡೆ ಅಪಾಯಕಾರಿ ಅಂತ ಆಗಿಬಿಟ್ಟಿದೆ. ಆಕೆಯನ್ನು ಕಾಪಾಡುವುದು ಆಕೆಗಾಗಿಯೋ, ಆಚೆ ದಡದವರಿಗಾಗಿಯೋ?

ಲಿಂಗಸುಗೂರಿನಲ್ಲಿ ನನಗೊಬ್ಬ ಮೇಷ್ಟ್ರು ಗೆಳೆಯನಿದ್ದಾನೆ. ಅವನಿಗೆ ಇದನ್ನು ಹೇಳಿದೆ. "ಕೆಲಸ ಆಗ್ತೈತೋ ಇಲ್ಲೋ ನೋಡು ಮಾರಾಯ, ಕಾರಣ ತಗೊಂಡು ಏನ್ ಮಾಡ್ತೀ?" ಅಂದ. "ಅವರ ಸಲುವಾಗಿ ಅಂತ ಕೇಳಿದ್ರ ಈ ದೇಶದಾಗ ಯಾರಾದ್ರೂ ಒಂದು ರೂಪಾಯಿ ಕೊಡ್ತಿದ್ರೇನು? ನಮ್ಮ ಸಲುವಾಗಿ ಅಂದಿದ್ದಕ್ಕ ಬಂತು. ಬಂದ ರೊಕ್ಕದಾಗ ಅವರೂ ಉಳಿದ್ರು."

ಇದು ತಳ್ಳಿಹಾಕುವ ಮಾತಲ್ಲ. 2003ರಲ್ಲಿ ಗೇಟ್ಸ್ ಫೌಂಡೇಶನ್ನಿನ 'ಅವಾಹನ್' ಯೋಜನೆ ಶುರುವಾದ ಮೇಲೆ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ನಡೆದ ಕೆಲಸ ಸಣ್ಣದಲ್ಲ. ರಾಜ್ಯದಲ್ಲಿ ಹೊಸ ಎಚ್‌ಐವಿ ಸೋಂಕು ಇಳಿದದ್ದರಲ್ಲಿ ಅದರ ಪಾಲು ದೊಡ್ಡದು. ಬೂದು ಬಣ್ಣದ ಕಿಟ್, ಹಸಿರು ಕಿಟ್, ಬಿಳಿ ಕಿಟ್ ಅಂತ ಲಕ್ಷಣ ನೋಡಿ ಪುಕ್ಕಟೆ ಕೊಡುವ ಪೊಟ್ಟಣಗಳು ಎಷ್ಟೋ ಜನರನ್ನು ನನ್ನಂಥ ಅಂಗಡಿಯವರ ಅರ್ಧಂಬರ್ಧ ಡೋಸಿನಿಂದ ಪಾರುಮಾಡಿದವು.

ಆದರೂ ಮೇಷ್ಟ್ರ ವಾದ ಒಂದು ಕಡೆ ಎಡವುತ್ತದೆ ಅನ್ನಿಸಿತು. ಕಾರಣ ಯಾವುದಾದರೇನು ಅಂತ ಹೇಳಲು ಬರುವುದು ಕಾರಣ ಬದಲಾದರೂ ಕೆಲಸ ಅಷ್ಟೇ ಇರುವುದಾದರೆ. ಇಲ್ಲಿ ಹಾಗಿಲ್ಲ. ಯಾವ ರೋಗವನ್ನು ಹುಡುಕಬೇಕು ಅನ್ನುವುದನ್ನೇ ಕಾರಣ ನಿರ್ಧರಿಸುತ್ತದೆ. ಆಕೆಯಿಂದ ಬೇರೆಯವರಿಗೆ ದಾಟಿ ಅವರನ್ನೂ ಕೊಲ್ಲುವ ರೋಗಕ್ಕೆ ಲೆಕ್ಕ ಇಟ್ಟರು. ಎಚ್‌ಪಿವಿಯೂ ದಾಟುತ್ತದೆ, ಆದರೆ ದಾಟಿಸಿದ ಗಂಡಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಸಾಯುವವಳು ಆಕೆ. ಅದೂ ವರ್ಷಗಳ ನಂತರ, ಧಂಧೆ ಬಿಟ್ಟು, ಯಾರ ಪಟ್ಟಿಯಲ್ಲೂ ಇಲ್ಲದ ಹೊತ್ತಿನಲ್ಲಿ. ಆ ರೋಗಕ್ಕೆ ಪೊಟ್ಟಣವೂ ಇರಲಿಲ್ಲ, ಬಣ್ಣವೂ ಇರಲಿಲ್ಲ.

ಇದು ಹೊಸ ಚಾಳಿಯೇನಲ್ಲ. ಬ್ರಿಟಿಷರು 1868ರಲ್ಲಿ ಇಂಡಿಯಾದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಉದ್ದೇಶ ಸೈನಿಕರಿಗೆ ಮೇಹರೋಗ ಬರದಂತೆ ನೋಡಿಕೊಳ್ಳುವುದು. ಪರೀಕ್ಷೆ ಮಾತ್ರ ಹೆಣ್ಣುಮಕ್ಕಳಿಗೆ. ಹೆಸರು ಬರೆಸಬೇಕು, ಆಗಾಗ ತಪಾಸಣೆಗೆ ಒಳಗಾಗಬೇಕು, ರೋಗ ಇದೆಯೆಂದರೆ ಲಾಕ್ ಹಾಸ್ಪಿಟಲ್ ಎಂಬ ಆಸ್ಪತ್ರೆಯಲ್ಲಿ ಕೂಡಿಹಾಕಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಇದೇ ಥರದ ಕಾಯ್ದೆಯ ವಿರುದ್ಧ ಜೋಸೆಫಿನ್ ಬಟ್ಲರ್ ಎಂಬ ಹೆಣ್ಣುಮಗಳು ಹೋರಾಡಿ 1886ರಲ್ಲಿ ರದ್ದು ಮಾಡಿಸಿದಳು, ಇಲ್ಲಿ 1888ರಲ್ಲಿ ಹೋಯಿತು. 1986ರಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದದ್ದು ಚೆನ್ನೈನ ಲೈಂಗಿಕ ಕಾರ್ಯಕರ್ತೆಯರಲ್ಲಿ. ಡಾ. ಸುನೀತಿ ಸಾಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ ರಿಮ್ಯಾಂಡ್ ಹೋಮಿಗೆ ಹೋಗಿ ರಕ್ತ ತಂದರು. ಅದು ಧೈರ್ಯದ ಕೆಲಸ, ಅನುಮಾನವಿಲ್ಲ. ಆದರೆ ಇದು ಏಡ್ಸ್ ಪರೀಕ್ಷೆ ಅಂತ ಆ ಹೆಣ್ಣುಮಕ್ಕಳಿಗೆ ತಾನು ಹೇಳಿರಲಿಲ್ಲ ಅಂತ ನಿರ್ಮಲಾ ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು ಅಂತ ಸಂಸತ್ತು ಕಾಯ್ದೆ ಮಾಡಿದ್ದು 2017ರಲ್ಲಿ.

ನಡುವೆ ಬೇರೆ ದಾರಿ ಹಿಡಿದವರೂ ಇದ್ದರು. ಕೋಲ್ಕತ್ತದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜನಾ ಆ ಹೆಣ್ಣುಮಕ್ಕಳನ್ನೇ ಕಾರ್ಯಕರ್ತೆಯರನ್ನಾಗಿ ಮಾಡಿದರು. ಕಾಂಡೋಮಿಗಿಂತ ಮೊದಲು ಅವರು ಮಾತಾಡಿದ್ದು ಪೊಲೀಸರ ಕಾಟ, ರೌಡಿಗಳ ಕಾಟ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ. ಮೈಸೂರಿನ ಆಶೋದಯ ಸಮಿತಿಯೂ 2004ರಿಂದ ಅದೇ ದಾರಿಯಲ್ಲಿ ನಡೆಯಿತು. ಇದರ ಹಿಂದೆ ಬಹಳ ಸರಳವಾದ ತಿಳಿವಳಿಕೆ ಇದೆ. ನಿರೋಧ್ ಬೇಕು ಅಂತ ಗೊತ್ತಿಲ್ಲದ ಹೆಣ್ಣುಮಗಳು ಈ ಧಂಧೆಯಲ್ಲಿ ಅಪರೂಪ. ಬೇಡ ಅಂದವನಿಗೆ ಆಗೋದಿಲ್ಲ ಅನ್ನುವ ತಾಕತ್ತು ಬೇಕು. ಕುಡಿದು ಬಂದವನು ಇನ್ನೂರು ರೂಪಾಯಿ ಜಾಸ್ತಿ ಇಡುತ್ತಾನೆ, ಅವತ್ತು ಮಗನ ಫೀಸು ಕಟ್ಟಬೇಕಾಗಿರುತ್ತದೆ. ಚೀಲದಲ್ಲಿ ನಿರೋಧ್ ಸಿಕ್ಕರೆ ಅದೇ ಸಾಕ್ಷಿ ಅಂತ ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆ. ಹಾಗೆ ಸಾಕ್ಷಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ ತಿಂಗಳಲ್ಲಿ.

ಇನ್ನು "ಮನೀಗೆ ಬರೋ ಅವ್ರು". ನಮ್ಮ ಭಾಗದಲ್ಲಿ ದೇವದಾಸಿ ಪದ್ಧತಿಯ ನೆರಳು ಇನ್ನೂ ಉದ್ದಕ್ಕೆ ಬಿದ್ದಿದೆ. 1982ರ ಕಾಯ್ದೆ ಅದನ್ನು ನಿಷೇಧಿಸಿದ ಮೇಲೂ ಸರಕಾರದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಅವರೆಲ್ಲ ಈ ಧಂಧೆಯವರಲ್ಲ, ಹಾಗೆ ತಿಳಿಯುವುದು ದೊಡ್ಡ ಅನ್ಯಾಯ. ಆದರೆ ತಾಳಿ ಕಟ್ಟದೆ, ಹೆಸರು ಕೊಡದೆ, ವರ್ಷಾನುಗಟ್ಟಲೆ ಬಂದುಹೋಗುವ ಒಬ್ಬ ಗಂಡಸು ಎಷ್ಟೋ ಮನೆಗಳಲ್ಲಿ ಇರುತ್ತಾನೆ. ಅವನೊಂದಿಗೆ ನಿರೋಧ್ ಇಲ್ಲ. ಹಾಕು ಅಂದರೆ ನೀನೂ ಗಿರಾಕಿ ಅಂದ ಹಾಗಾಗುತ್ತದೆ. ನಂಬಿಕೆ ತೋರಿಸಲು ಆಕೆಯ ಹತ್ತಿರ ಇರುವುದು ಅದೊಂದೇ. ಅಲ್ಲಿಂದಲೇ ಸೋಂಕು ಬರಬಹುದು ಅಂತ ಆಕೆಗೂ ಗೊತ್ತು. ಬಾಗಲಕೋಟೆ ಜಿಲ್ಲೆಯಲ್ಲಿ ಈ ಗಂಡಸರನ್ನೂ ಕೂರಿಸಿಕೊಂಡು ಕೆಲವು ವರ್ಷ ಕೆಲಸ ಮಾಡಿ ನೋಡಿದರು, ಅಂದುಕೊಂಡಷ್ಟು ಬದಲಾಗಲಿಲ್ಲ. ಪ್ರೀತಿಗೆ ಕಿಟ್ ಕಟ್ಟಲು ಯಾರಿಂದಾದೀತು?

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದಾಗ ಅವನು ತನ್ನ ಚಾಳಿಯಂತೆ ಮಸ್ಕಿಯ ಬಂಡೆಯ ಕಡೆ ಹೊರಳಿದ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಕಂಡ ಶಾಸನ ಅದು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು ಅದರಿಂದ. ಊರಿಗೆ ಅದರ ಹೆಮ್ಮೆ ಬಹಳ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಿಂದ ಮೇಲೇರಬಹುದು ಅನ್ನುವ ಅರ್ಥ ಅದರಲ್ಲಿದೆ ಅಂದ ಮೇಷ್ಟ್ರು. "ಆಕಿ ಬಸ್ಸು ಹತ್ತತಿದ್ದ ಜಾಗದಿಂದ ಅದು ಎಷ್ಟು ದೂರ ಐತೋ?" ಅಂತ ಕೇಳಿದೆ. ಅವನು ಮಾತು ಬದಲಿಸಿದ.

ಮೇಷ್ಟ್ರನ್ನು, ಸರಕಾರವನ್ನು, ಬ್ರಿಟಿಷರನ್ನು ಇಷ್ಟು ಹೊತ್ತು ಕಟಕಟೆಗೆ ನಿಲ್ಲಿಸಿದೆನಲ್ಲ, ನನ್ನದೇನು? ನಾನು ಕೇಳಿದ ಒಂದೇ ಪ್ರಶ್ನೆಯೂ ಅದೇ ಅಲ್ಲವೇ, ರಕ್ತ ಚೆಕ್ ಮಾಡಿಸೀಯೇನು ಅಂತ? ಆಕೆಯ ಸೊಂಟ ನೋವಿನ ಬಗ್ಗೆ ಅಲ್ಲ. ನನ್ನ ಅಕ್ಕ ಬಂದು ಮೂರು ಸಲ ಅದೇ ಗುಳಿಗೆ ಕೇಳಿದ್ದರೆ ನಾನು ಅಂಗಡಿ ಮುಚ್ಚಿ ಕರೆದುಕೊಂಡು ಹೋಗುತ್ತಿದ್ದೆ. ಆಕೆ ಬಂದು ಹೋದ ಮೇಲೆ ಕೌಂಟರ್ ಒರೆಸಿದ್ದೂ ಇದೆ. ಯಾಕೆ ಒರೆಸಿದೆ ಅಂತ ಕೇಳಿದರೆ ಉತ್ತರ ಇಲ್ಲ. ಓದಿದವನು, ಡಿ.ಫಾರ್ಮಾ ಮಾಡಿದವನು, ಗಾಜು ಮುಟ್ಟಿದರೆ ಏನೂ ಅಂಟುವುದಿಲ್ಲ ಅಂತ ಚೆನ್ನಾಗಿ ಗೊತ್ತಿದ್ದವನು.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ತಮ್ಮನ ಬದಲಿಗೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದೆ. ಮೂವತ್ತರ ಹತ್ತಿರದ ಹೆಣ್ಣುಮಗಳು ಮಗುವಿನ ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದಳು, ಚೀಟಿ ಸಮೇತ. ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ. ಮುಖ ನೋಡಿದ ಕೂಡಲೇ ಗುರುತು ಹತ್ತಿತು. ಯಾವೂರು ಅಂದೆ, ಮಸ್ಕಿ ಕಡೆ ಅಂದಳು. ಬಾಟಲಿ ಕಟ್ಟಿಕೊಡುತ್ತ, ಮೂವತ್ತು ದಾಟಿದ ಹೆಣ್ಣುಮಕ್ಕಳು ಸರಕಾರಿ ಆಸ್ಪತ್ರೆಯಲ್ಲಿ ಒಂದು ತಪಾಸಣೆ ಮಾಡಿಸಿಕೊಳ್ಳಬೇಕು, ಹೆಣ್ಣು ಮಗು ಇದ್ದರೆ ಒಂಬತ್ತು ತುಂಬಿದ ಮೇಲೆ ಒಂದು ಲಸಿಕೆ ಇದೆ ಅಂತ ತಡವರಿಸುತ್ತ ಹೇಳಿದೆ. ಈ ಮನುಷ್ಯ ಯಾಕೆ ಇದನ್ನೆಲ್ಲ ಹೇಳುತ್ತಾನೆ ಅಂತ ಆಕೆ ನನ್ನನ್ನೇ ನೋಡಿದಳು.

"ನಮ್ಮವ್ವ ನಿಮಗ ಗೊತ್ತಿದ್ದಳೇನ್ರಿ?"

"ಹೂಂ ತಂಗೀ," ಅಂದೆ. "ನಮ್ಮ ಅಂಗಡಿಗೆ ಬರ್ತಿದ್ರು, ಅಕ್ಕಾರು."

ಆಕೆ ಚಿಲ್ಲರೆ ಎಣಿಸಿಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ಹೋದಳು.